ನಾಟಿ ಕೋಳಿ: ಬಣ್ಣ, ತಳಿ ಮತ್ತು ಮಾನದಂಡದ ವಾದಗಳು

ಕೋಳಿಯ ತಳಿಯನ್ನು ಗುರುತಿಸುವಾಗ ಗರಿಯ ಬಣ್ಣಕ್ಕೆ ಎಷ್ಟು ಬೆಲೆ ಕೊಡಬೇಕು ಎಂಬುದು ಒಂದೂವರೆ ಶತಮಾನದಿಂದ ಬಗೆಹರಿಯದ ವಾದ. ಇಂಗ್ಲೆಂಡ್, ಅಮೆರಿಕಗಳಲ್ಲಿ ಈ ವಾದ ನಡೆದದ್ದು ಪ್ರದರ್ಶನದ ಪಂಜರಗಳ ಮುಂದೆ. ಕರ್ನಾಟಕದಲ್ಲಿ ಅದು ಮೂರು ಕಡೆ ನಡೆಯುತ್ತದೆ: ಮಾಂಸದಂಗಡಿಯಲ್ಲಿ, ಕೋಳಿ ಅಂಕದ ಕಳದಲ್ಲಿ, ತಳಿ ನೋಂದಣಿಯ ಕಡತದಲ್ಲಿ. ಅಂಗಡಿಯಲ್ಲಿ ಬಣ್ಣ ಅಸಲಿತನದ ಗುರುತು. ಕಳದಲ್ಲಿ ಅದು ಸೋಲು ಗೆಲುವಿನ ಲೆಕ್ಕ. ಕಡತದಲ್ಲಿ ಹತ್ತಾರು ಲಕ್ಷಣಗಳ ನಡುವೆ ಅದೂ ಒಂದು. ಮೂರೂ ಕಡೆಯವರು ಒಂದೇ ಹುಂಜವನ್ನು ನೋಡುತ್ತಿದ್ದರೂ ಕೇಳುವ ಪ್ರಶ್ನೆ ಬೇರೆ ಬೇರೆಯಾದ್ದರಿಂದ ಉತ್ತರಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ.

ಪೇಟೆಯ ಕಣ್ಣು

ದಕ್ಷಿಣ ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳ ಕೋಳಿ ಅಂಗಡಿಗಳಲ್ಲಿ ಹಕ್ಕಿಗಳು ಸಾಮಾನ್ಯವಾಗಿ ಎರಡು ಗುಂಪು. ಬಿಳಿಯದು ಫಾರಂ ಕೋಳಿ, ಬಣ್ಣದ್ದು ನಾಟಿ ಕೋಳಿ. ಇವೆರಡರ ನಡುವೆ ಎಲ್ಲಿಗೂ ಸೇರದೆ ನಿಲ್ಲುವುದು ಗಿರಿರಾಜ ಎಂಬ ಸುಧಾರಿತ ಬಣ್ಣದ ಕೋಳಿ. ಭಾನುವಾರ ಬೆಳಗ್ಗೆ, ಅದಕ್ಕಿಂತ ಹೆಚ್ಚಾಗಿ ಯುಗಾದಿಯ ಮಾರನೆಯ ದಿನದ ಹೊಸತೊಡಕಿಗೆ, ನಾಟಿಯ ಪಂಜರದ ಮುಂದೆ ಜನ ಜಾಸ್ತಿ. ಮುದ್ದೆಗೆ ನಾಟಿ ಕೋಳಿ ಸಾರೇ ಆಗಬೇಕೆನ್ನುವ ಮನೆಯವರು ಕೆಂಪು, ಕಪ್ಪು, ಚುಕ್ಕೆಯ ಹಕ್ಕಿಯನ್ನು ಬೆರಳು ಮಾಡಿ ತೋರಿಸುತ್ತಾರೆ.

ಹಳೆಯ ಗಿರಾಕಿಗಳು ಬಣ್ಣ ನೋಡಿ ತೃಪ್ತರಾಗುವುದಿಲ್ಲ. ರೆಕ್ಕೆಗಳನ್ನು ಹಿಂದಕ್ಕೆ ಸೇರಿಸಿ ಹಿಡಿದ ಹಕ್ಕಿಯ ಎದೆ ಮೂಳೆಯ ಮೇಲೆ ಹೆಬ್ಬೆರಳು ಎಳೆದು ನೋಡುತ್ತಾರೆ. ನಾಟಿಯದಾದರೆ ಮೂಳೆ ಏಣಿನ ಹಾಗೆ ಕೈಗೆ ಸಿಗುತ್ತದೆ, ಫಾರಂನದಾದರೆ ಎರಡೂ ಬದಿಯ ಮಾಂಸದ ನಡುವೆ ಹುದುಗಿರುತ್ತದೆ. ಆಮೇಲೆ ಕಾಲು: ಹುರುಪೆ ಒರಟಾಗಿದೆಯೇ, ಉಗುರು ಮಣ್ಣು ಕೆದರಿ ಸವೆದಿದೆಯೇ, ಹುಂಜಕ್ಕೆ ಮುಳ್ಳು ಎಷ್ಟು ಬೆಳೆದಿದೆ. ಕೊನೆಗೆ ಕೊಕ್ಕು. ಒಟ್ಟೊಟ್ಟಾಗಿ ಸಾಕಿದ ಮೊಟ್ಟೆ ಕೋಳಿಗಳು ಒಂದನ್ನೊಂದು ಕುಕ್ಕದಿರಲೆಂದು ಮರಿಯಲ್ಲೇ ಕೊಕ್ಕಿನ ತುದಿ ಕತ್ತರಿಸುವುದುಂಟು. ಹಿತ್ತಲಲ್ಲಿ ಬೆಳೆದದ್ದಕ್ಕೆ ಆ ಗುರುತಿರುವುದಿಲ್ಲ.

ಈ ಪರೀಕ್ಷೆಗೆ ಕಾರಣವಿದೆ. ಬಣ್ಣದ ಗರಿ ನಾಟಿತನದ ಪ್ರಮಾಣಪತ್ರವಲ್ಲ. ಕಂದು ಮೊಟ್ಟೆ ಇಡುವ ವಾಣಿಜ್ಯ ತಳಿಗಳ ಹೆಣ್ಣುಗಳ ಗರಿಯೂ ಕಂದು. ಮೊಟ್ಟೆಯ ಕಾಲ ಮುಗಿದ ಮೇಲೆ ಅವು ಬರುವುದೂ ಇದೇ ಮಾಂಸದ ಮಾರುಕಟ್ಟೆಗೆ. ಬಣ್ಣದ ಬ್ರಾಯ್ಲರ್‌ಗಳನ್ನು ನಾಟಿಯ ಬೇಡಿಕೆಗೆಂದೇ ಬೆಳೆಸಲಾಗುತ್ತದೆ. ಮೊಟ್ಟೆಯ ಕತೆಯೂ ಹೀಗೆಯೇ. ಚಿಪ್ಪಿನ ಕಂದುಬಣ್ಣ ತಳಿಯ ಗುಣ. ಹಿತ್ತಲಿಗೂ ಪೌಷ್ಟಿಕತೆಗೂ ಅದು ಸಾಕ್ಷಿಯಲ್ಲ. ಎಷ್ಟೋ ನಾಟಿ ಕೋಳಿಗಳ ಮೊಟ್ಟೆ ಕೆನೆಬಣ್ಣದ್ದು, ಗಾತ್ರದಲ್ಲಿ ಚಿಕ್ಕದು.

ಬಿಳಿ ಕೋಳಿಯ ಬಗೆಗಿನ ಸಸಾರಕ್ಕೂ ಇನ್ನೊಂದು ಮುಖವಿದೆ. ಬ್ರಾಯ್ಲರ್ ಬಿಳಿಯಾದದ್ದು ಮಾಂಸದಂಗಡಿಯ ಅನುಕೂಲಕ್ಕೆ. ಕಪ್ಪು ಗರಿಯ ಹಕ್ಕಿಯನ್ನು ತರಿದಾಗ ಚರ್ಮದಲ್ಲಿ ಉಳಿಯುವ ಎಳೆಗರಿಯ ಬುಡಗಳು ಕಪ್ಪು ಚುಕ್ಕೆಗಳಾಗಿ ಕಾಣುತ್ತವೆ, ಬಿಳಿಯದರಲ್ಲಿ ಕಾಣುವುದಿಲ್ಲ. ಆ ಬಿಳಿ ಹಕ್ಕಿಯ ಅಗಲವಾದ ಎದೆ ಬಂದದ್ದು ಇಂಗ್ಲೆಂಡಿನ ಕಾರ್ನಿಷ್ ತಳಿಯಿಂದ. ಕಾರ್ನಿಷ್ ಹುಟ್ಟಿದ್ದು ಭಾರತದಿಂದ ಒಯ್ದ ಅಸೀಲ್ ಹುಂಜಗಳ ರಕ್ತದಿಂದ. ಅಂಗಡಿಯಲ್ಲಿ ಪರದೇಶಿಯೆಂದು ಪಕ್ಕಕ್ಕಿಡುವ ಫಾರಂ ಕೋಳಿಯ ವಂಶದಲ್ಲಿ ಈ ದೇಶದ ಹುಂಜವೂ ಒಂದು ಹಿರಿಯ.

ಮಾನದಂಡ ಬರಹಕ್ಕಿಳಿದದ್ದು

ಕೋಳಿಯ ಲಕ್ಷಣವನ್ನು ಪಟ್ಟಿ ಮಾಡುವ ರೂಢಿ ಪಶ್ಚಿಮದಲ್ಲೇ ಮೊದಲಾದದ್ದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಅರಸರ ವಿನೋದಗಳ ಸಾಲಿನಲ್ಲಿ ಕೋಳಿಕಾಳಗಕ್ಕೂ ಜಾಗ ಕೊಟ್ಟಿದೆ. ಆದರೆ ಅಂಕ ಹಾಕಿ, ಬಹುಮಾನ ಕೊಟ್ಟು, ತಪ್ಪು ಗರಿಯಿದ್ದ ಹಕ್ಕಿಯನ್ನು ಸ್ಪರ್ಧೆಯಿಂದ ಹೊರಗಿಡುವ ಪದ್ಧತಿ ವಿಕ್ಟೋರಿಯಾ ಕಾಲದ ಬ್ರಿಟನ್ನಿನದು. 1845ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಕೋಳಿ ಪ್ರದರ್ಶನ ನಡೆಯಿತು. ಚೀನಾದಿಂದ ಬಂದ ದೊಡ್ಡ ಮೈಯ ಕೋಳಿಗಳು ಜನರಿಗೆ ಹುಚ್ಚು ಹಿಡಿಸಿದವು. 1865ರಲ್ಲಿ ಡಬ್ಲ್ಯೂ.ಬಿ. ಟೆಗೆಟ್‌ಮೈಯರ್ ಸಂಪಾದಿಸಿದ ಮಾನದಂಡದ ಪುಸ್ತಕ ಹೊರಬಂತು. ಚಾರ್ಲ್ಸ್ ಡಾರ್ವಿನ್ನನಿಗೆ ಪಾರಿವಾಳ, ಕೋಳಿಗಳ ವಿಷಯದಲ್ಲಿ ಮಾಹಿತಿ ಒದಗಿಸುತ್ತಿದ್ದವನೂ ಇವನೇ. ಅಮೆರಿಕನ್ ಪೌಲ್ಟ್ರಿ ಅಸೋಸಿಯೇಷನ್ 1873ರಲ್ಲಿ ಹುಟ್ಟಿ ಮರುವರ್ಷವೇ ತನ್ನ ಮಾನದಂಡವನ್ನು ಪ್ರಕಟಿಸಿತು.

ಪುಸ್ತಕ ಬಂದೊಡನೆ ಜಗಳವೂ ಬಂತು. ಅಮೆರಿಕದ ಡೊಮಿನಿಕ್ ಮತ್ತು ಪಟ್ಟೆಯ ಪ್ಲಿಮತ್ ರಾಕ್ ಎರಡರ ಮೈಮೇಲೂ ಕಪ್ಪು ಬಿಳಿ ಅಡ್ಡಪಟ್ಟೆ. ಬಣ್ಣದಿಂದ ಬೇರ್ಪಡಿಸಲಾಗದೆ ಕೊನೆಗೆ ಜುಟ್ಟಿನ ಆಕಾರವನ್ನು ಹಿಡಿದುಕೊಂಡರು. ಗುಲಾಬಿ ಜುಟ್ಟಿನದು ಡೊಮಿನಿಕ್, ಒಂಟಿ ಜುಟ್ಟಿನದು ಪ್ಲಿಮತ್ ರಾಕ್ ಎಂದಾಯಿತು.

ಇಂಗ್ಲೆಂಡಿನ ಆರ್ಪಿಂಗ್ಟನ್ನಿನ ಕತೆ ಇದಕ್ಕೆ ತಿರುಗಾಮುರುಗ. ಕೆಂಟ್ ಪ್ರಾಂತ್ಯದ ವಿಲಿಯಂ ಕುಕ್ 1886ರಲ್ಲಿ ಕಪ್ಪು ಆರ್ಪಿಂಗ್ಟನ್ ತಂದ. ಆಮೇಲೆ ಬಿಳಿ, 1894ರಲ್ಲಿ ಹೊಂಬಣ್ಣ ಬಂದವು. ಹೊಂಬಣ್ಣದ್ದರ ತಾಯಿಬೇರು ಕಪ್ಪಿನದಕ್ಕಿಂತ ಬೇರೆಯಾಗಿತ್ತು. ಇದು ನಮ್ಮ ಊರಿನ ಹಳೇ ಕೋಳಿಯೇ, ಹೆಸರು ಮಾತ್ರ ಹೊಸದು ಎಂದು ಲಿಂಕನ್‌ಷೈರಿನ ಸಾಕಣೆಗಾರರು ತಕರಾರು ತೆಗೆದರು. ರಕ್ತ ಬೇರೆ, ಆಕಾರ ಒಂದೇ ಎಂದಾದರೆ ಅದು ಒಂದೇ ತಳಿಯ ಎರಡು ಬಣ್ಣವೋ ಎರಡು ತಳಿಯೋ ಎಂಬ ಪ್ರಶ್ನೆ ಅಂದಿನಿಂದ ಹೊಸ ಬಣ್ಣ ಬಂದಾಗಲೆಲ್ಲ ಏಳುತ್ತಿದೆ.

ಪಾರಂಪರಿಕ ಕೋಳಿ ಯಾವುದು ಎನ್ನುವುದಕ್ಕೆ ಅಮೆರಿಕದ ಸಂರಕ್ಷಣಾ ಸಂಸ್ಥೆಯೊಂದು 2009ರಲ್ಲಿ ನಾಲ್ಕು ಷರತ್ತು ಹಾಕಿತು. 20ನೆಯ ಶತಮಾನದ ನಡುಭಾಗಕ್ಕೆ ಮೊದಲೇ ಮಾನ್ಯವಾದ ತಳಿಯಾಗಿರಬೇಕು, ಸಹಜವಾಗಿ ಕೂಡಿ ಸಂತತಿ ಬೆಳೆಸಬೇಕು, ಹೊರಗಿನ ಬದುಕಿಗೆ ಒಗ್ಗಿ ಬಹುಕಾಲ ಬಾಳಬೇಕು, ನಿಧಾನವಾಗಿ ಬೆಳೆಯಬೇಕು. ಬಣ್ಣ ಈ ಪಟ್ಟಿಗೆ ನೇರವಾಗಿ ಬರುವುದಿಲ್ಲ, ಮೊದಲ ಷರತ್ತಿನ ಬೆನ್ನಿಗೆ ಅಂಟಿಕೊಂಡು ಬರುತ್ತದೆ. ಕರ್ನಾಟಕದ ನಾಟಿ ಕೋಳಿಗಳು ಉಳಿದ ಮೂರನ್ನೂ ಸಲೀಸಾಗಿ ದಾಟುತ್ತವೆ. ಬರಹದ ಮಾನದಂಡವಿಲ್ಲದ ಕಾರಣ ಮೊದಲನೆಯದರಲ್ಲೇ ಸಿಕ್ಕಿಬೀಳುತ್ತವೆ.

ಬಣ್ಣದ ಒಳಗುಟ್ಟು

ಬಣ್ಣ ಮೋಸ ಮಾಡುವುದೇಕೆ ಎಂಬುದನ್ನು ತಳಿಶಾಸ್ತ್ರ ಬಿಡಿಸಿ ಹೇಳಿದೆ. ಪ್ರಾಣಿಗಳಲ್ಲಿ ಮೆಂಡೆಲನ ನಿಯಮ ನಡೆಯುತ್ತದೆಂದು ತೋರಿಸಲು 1902ರಲ್ಲಿ ವಿಲಿಯಂ ಬೇಟ್ಸನ್ ಬಳಸಿದ್ದೇ ಕೋಳಿಯನ್ನು. ಗುಲಾಬಿ ಜುಟ್ಟಿನದಕ್ಕೂ ಬಟಾಣಿ ಜುಟ್ಟಿನದಕ್ಕೂ ಹುಟ್ಟಿದ ಮರಿಯಲ್ಲಿ ಎರಡೂ ಅಲ್ಲದ ಮೂರನೆಯ ಆಕಾರ, ಅಂದರೆ ಅಕ್ರೋಟಿನಂಥ ಜುಟ್ಟು ಬರುವುದನ್ನು ಅವನೂ ಅವನ ಸಹಸಂಶೋಧಕ ಪನ್ನೆಟ್ಟನೂ ವಿವರಿಸಿದರು. ನೀಲಿ ಆಂಡಲೂಸಿಯನ್ ಕೋಳಿಗಳನ್ನು ಕೂಡಿಸಿದರೆ ಮರಿಗಳೆಲ್ಲ ನೀಲಿಯಾಗುವುದಿಲ್ಲ. ಸರಾಸರಿ ಅರ್ಧದಷ್ಟು ನೀಲಿ, ಕಾಲುಭಾಗ ಕಪ್ಪು, ಕಾಲುಭಾಗ ಮಸುಕು ಬಿಳಿಯ ಮೇಲೆ ಮಚ್ಚೆ. ನೀಲಿಯನ್ನೇ ಮಾನದಂಡ ಮಾಡಿದರೆ ಪ್ರತಿ ಪೀಳಿಗೆಯ ಅರ್ಧದಷ್ಟು ಶುದ್ಧ ಮರಿಗಳನ್ನು ತಪ್ಪು ಬಣ್ಣದವೆಂದು ಹೊರಗಿಡಬೇಕಾಗುತ್ತದೆ. ಪ್ರದರ್ಶನದ ವಲಯಗಳಲ್ಲಿ ಈ ವಾದ ಇನ್ನೂ ಬಿಸಿಯಾಗಿದೆ.

ಫಾರಂನ ಮೊಟ್ಟೆ ತಳಿಯಾದ ಬಿಳಿ ಲೆಗ್‌ಹಾರ್ನಿನಲ್ಲಿರುವ ಪ್ರಬಲ ಬಿಳಿ ಜೀನ್ ಒಂದೇ ಪ್ರತಿಯಿದ್ದರೂ ಕಪ್ಪನ್ನು ಮುಚ್ಚಿಹಾಕುತ್ತದೆ. ಲೆಗ್‌ಹಾರ್ನ್ ಹುಂಜ ಕಪ್ಪು ನಾಟಿ ಹ್ಯಾಟೆಯ ಮೇಲೆ ಹತ್ತಿದರೆ ಮರಿಗಳು ಬಹುತೇಕ ಬಿಳಿ, ಅಲ್ಲಲ್ಲಿ ಕಪ್ಪು ಹನಿ. ಅರ್ಧ ನಾಟಿಯಾದ ಆ ಮರಿಯನ್ನು ಪೇಟೆ ಫಾರಂ ಎನ್ನುತ್ತದೆ. ಬಣ್ಣದ ಮಿಶ್ರತಳಿಯೊಂದು ಒಂದು ಪಾಲೂ ನಾಟಿಯಿಲ್ಲದೆ ನಾಟಿಯೆಂದು ಹೋಗುತ್ತದೆ. ಇನ್ನೊಂದು ಕಡೆ, ಬಂಗಾರ ಮತ್ತು ಬೆಳ್ಳಿ ಬಣ್ಣದ ಜೀನ್‌ಗಳು ಲಿಂಗ ವರ್ಣತಂತುವಿನಲ್ಲಿರುವುದರಿಂದ ಕಂದು ಮೊಟ್ಟೆಯ ಉದ್ಯಮದಲ್ಲಿ ಒಂದು ದಿನದ ಮರಿಯನ್ನು ಬಣ್ಣದಿಂದಲೇ ಹೆಣ್ಣೋ ಗಂಡೋ ಎಂದು ಹೇಳಿಬಿಡುತ್ತಾರೆ.

ಹಳದಿ ಕಾಲಿನ ಕತೆ ದಕ್ಷಿಣ ಭಾರತಕ್ಕೆ ತೀರ ಹತ್ತಿರದ್ದು. ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿ ಎಂಬುದು ಒಪ್ಪಿತವಾದ ಮಾತು. ಆದರೆ ಚರ್ಮವನ್ನೂ ಕಾಲನ್ನೂ ಹಳದಿಯಾಗಿಸುವ ಜೀನ್ ಬೂದು ಕಾಡುಕೋಳಿಯಿಂದ ಬಂದದ್ದೆಂದು ಸ್ವೀಡನ್ನಿನ ಉಪ್ಸಾಲಾದ ವಿಜ್ಞಾನಿಗಳು 2008ರಲ್ಲಿ ತೋರಿಸಿದರು. ಬೂದು ಕಾಡುಕೋಳಿ ಭಾರತ ಪರ್ಯಾಯ ದ್ವೀಪದ ಹಕ್ಕಿ. ಪಶ್ಚಿಮ ಘಟ್ಟದಲ್ಲಿ ಮಾತ್ರವಲ್ಲ, ಜೆ.ಪಿ. ನಗರದಿಂದ ಹೆಚ್ಚು ದೂರವಿಲ್ಲದ ಬನ್ನೇರುಘಟ್ಟದ ಕಾಡಿನಲ್ಲೂ ಕೂಗುತ್ತದೆ. ಜಗತ್ತಿನ ಫಾರಂಗಳಲ್ಲಿರುವ ಹಳದಿ ಕಾಲಿನ ಕೋಟ್ಯಂತರ ಕೋಳಿಗಳಿಗೆ ಆ ಹಳದಿ ಸಿಕ್ಕಿದ್ದು ಈ ಕಾಡಿನ ಜಾತಿಯಿಂದ.

ಅಸೀಲ್: ಮೈಕಟ್ಟೋ ಬಣ್ಣವೋ

ಬಣ್ಣದ ಹೆಸರುಗಳಲ್ಲಿ ಅಸೀಲನ್ನು ಮೀರಿಸಿದ ಭಾರತೀಯ ತಳಿಯಿಲ್ಲ. ಬಂಗಾರಗೆಂಪಿನದು ಪೀಲಾ, ಕಪ್ಪು ಕೆಂಪು ಸೇರಿದ್ದು ಯಾಕೂಬ್, ಬಿಳಿಯದು ನೂರಿ, ಕಪ್ಪು ಕಾಗರ್, ಕಪ್ಪು ಬಿಳಿ ಚುಕ್ಕೆಯದು ಚಿಟ್ಟಾ, ಕಂದು ಟೀಕರ್, ತಿಳಿಗೆಂಪು ರೆಜಾ. ಇಷ್ಟೆಲ್ಲ ಹೆಸರಿದ್ದರೂ ಹಳೆಯ ಸಾಕಣೆಗಾರರು ಮೊದಲು ನೋಡುವುದು ಮೈಕಟ್ಟು: ನೀಳ ಕತ್ತು, ಅಗಲ ಎದೆ, ಗಟ್ಟಿ ಕಾಲು, ಮೈಗೆ ಅಂಟಿಕೊಂಡ ಬಿರುಸು ಗರಿ, ಪುಟ್ಟ ಬಟಾಣಿ ಜುಟ್ಟು, ಇದ್ದೂ ಇಲ್ಲದಂತಿರುವ ಗಲ್ಲದ ಜೋಲು.

ಹೊರದೇಶದ ಪುಸ್ತಕಗಳೂ ಇಲ್ಲಿ ಎರಡು ದಾರಿ ಹಿಡಿದಿವೆ. ಬ್ರಿಟಿಷ್ ಮಾನದಂಡ ಅಸೀಲಿಗೆ ಇಂಥದೇ ಬಣ್ಣವೆಂದು ಕಟ್ಟು ಹಾಕುವುದಿಲ್ಲ. 1981ರಲ್ಲಿ ಈ ತಳಿಯನ್ನು ಸೇರಿಸಿಕೊಂಡ ಅಮೆರಿಕದ ಪುಸ್ತಕ ಬೆರಳೆಣಿಕೆಯ ಬಣ್ಣಗಳನ್ನಷ್ಟೇ ಒಪ್ಪುತ್ತದೆ. ದೇಶದೊಳಗೆ ಗೊಂದಲ ಬೇರೆ ಬಗೆಯದು. ರೆಜಾ ಎಂದರೆ ಕೆಲವರಿಗೆ ಬಣ್ಣ, ಕೆಲವರಿಗೆ ಗಿಡ್ಡ ಮೈಯ ಬಗೆ, ಅದಕ್ಕೆ ಎದುರಾಗಿ ಎತ್ತರದ್ದು ಕುಲಂಗ್. ತಮಿಳುನಾಡಿನ ದಿಂಡಿಗಲ್ ಕಡೆಯ ಪ್ರದರ್ಶನಗಳಿಂದ ಹೆಸರಾದ ಗಿಳಿಮೂಗಿನ ಅಸೀಲ್ ಇನ್ನೊಂದು ವಾದ ಹುಟ್ಟಿಸಿದೆ. ಬಾಗಿದ ಕೊಕ್ಕು, ನೀಳ ಬಾಲ, ಹೊಳೆಯುವ ಬಣ್ಣಕ್ಕಾಗಿಯೇ ಬೆಳೆಸಿದ ಈ ಹಕ್ಕಿ ಅಖಾಡಕ್ಕಿಳಿಯುವುದಿಲ್ಲ. ಕಾದಾಟಕ್ಕೆಂದು ರೂಪುಗೊಂಡ ತಳಿಯನ್ನು ಅಂದಕ್ಕಾಗಿ ಆಯ್ದಾಗ ಅದು ಅಸೀಲಾಗಿಯೇ ಉಳಿಯುತ್ತದೆಯೇ ಎಂಬುದು ಹಳಬರ ಆಕ್ಷೇಪ. ಕಾದಾಟವೇ ಅಪರಾಧವಾದ ಮೇಲೆ ತಳಿ ಉಳಿಯಲು ಪ್ರದರ್ಶನವಲ್ಲದೆ ಬೇರೆ ದಾರಿ ಯಾವುದಿದೆ ಎಂಬುದು ಹೊಸಬರ ಮರುಪ್ರಶ್ನೆ.

ತುಳುನಾಡಿನ ಲೆಕ್ಕ

ಕರಾವಳಿಯಲ್ಲಿ, ಮಂಗಳೂರು ಉಡುಪಿಗಳಿಂದ ಕಾಸರಗೋಡಿನವರೆಗೆ, ಬಣ್ಣದ ಶಾಸ್ತ್ರಕ್ಕೆ ತಳಿಯ ಹಂಗೇ ಇಲ್ಲ. ಕೋಳಿ ಅಂಕದ, ತುಳುವಿನಲ್ಲಿ ಕೋರಿ ಕಟ್ಟದ, ಹುಂಜಗಳಿಗೆ ಬಣ್ಣವೇ ಹೆಸರು: ಬಿಳಿಯದು ಬೊಳ್ಳೆ, ಕೆಂಬಣ್ಣದ್ದು ಕೆಮ್ಮೈರೆ, ಕರಿಯದು ಕಕ್ಕೆ, ಮಿಶ್ರಬಣ್ಣಗಳಿಗೆ ಮೈರೆ, ಕುಪ್ಪುಳೆ ಮೊದಲಾದ ಹೆಸರುಗಳು. ಯಾವ ದಿನ, ಯಾವ ನಕ್ಷತ್ರದಲ್ಲಿ ಯಾವ ಬಣ್ಣದ ಹುಂಜಕ್ಕೆ ಯಾವ ಬಣ್ಣದ ಎದುರು ಜಯ ಎಂದು ಹೇಳುವ ಕುಕ್ಕುಟ ಪಂಚಾಂಗವೂ ಉಂಟು. ಪಶ್ಚಿಮದ ಮಾನದಂಡದ ಪುಸ್ತಕದಷ್ಟೇ ಸೂಕ್ಷ್ಮವಾಗಿ ಇದು ಕತ್ತಿನ ಗರಿ, ಎದೆಯ ಗರಿ, ಕಾಲಿನ ಬಣ್ಣಗಳನ್ನು ಬೇರ್ಪಡಿಸುತ್ತದೆ. ಆದರೆ ಪಂಚಾಂಗಕ್ಕೆ ಆಯಾ ದಿನದ ಹುಂಜ ಮುಖ್ಯ, ಅದರ ವಂಶವಲ್ಲ. ಒಂದೇ ಹ್ಯಾಟೆಯ ಮರಿಗಳು ನಾಲ್ಕು ಬಣ್ಣಕ್ಕೆ ಹುಟ್ಟಿದರೆ ಪ್ರದರ್ಶನದವರು ತಳಿ ಕೆಟ್ಟಿತೆನ್ನುತ್ತಾರೆ. ಕಳದವರಿಗೆ ನಾಲ್ಕು ಬೇರೆ ಬೇರೆ ದಿನಕ್ಕೆ ಹುಂಜ ಸಿಕ್ಕಿದಂತೆ.

1960ರ ಪ್ರಾಣಿಹಿಂಸೆ ತಡೆ ಕಾಯಿದೆ ಪ್ರಾಣಿಗಳನ್ನು ಕಾದಾಡಿಸುವುದನ್ನು ಅಪರಾಧವೆಂದಿದೆ, ಜೂಜಿನ ಮೇಲೂ ಕಾನೂನಿನ ಕಡಿವಾಣವಿದೆ. ಅಂಕಗಳಿಗೆ ಪೊಲೀಸರ ತಡೆ, ದೈವಸ್ಥಾನಗಳ ಸಂಪ್ರದಾಯವೆಂಬ ವಾದ ಎರಡೂ ಅಕ್ಕಪಕ್ಕದಲ್ಲೇ ಸಾಗಿವೆ. ಹಳೇ ಮೈಸೂರಿನ ಊರುಗಳಲ್ಲಿ ಬಣ್ಣದ ಆಯ್ಕೆಗೆ ಇನ್ನೊಂದು ಕಾರಣ ಹರಕೆ. ಇಂಥ ದೇವರಿಗೆ ಕೆಂಪು ಹುಂಜವೇ ಆಗಬೇಕು, ತಡೆ ಒಡೆಯಲು ಕರಿ ಕೋಳಿಯೇ ಬೇಕು ಎಂಬ ನೇಮವಿರುವ ಕಡೆ ಹಿತ್ತಲಿನಲ್ಲಿ ಎಲ್ಲ ಬಣ್ಣವೂ ಉಳಿದುಕೊಂಡಿತು. ಬಣ್ಣದ ವೈವಿಧ್ಯವನ್ನು ಕಾಪಾಡಿದ್ದರಲ್ಲಿ ಈ ನೇಮಕ್ಕೂ ಪಾಲಿದೆ.

ಘಾಗಸ್ ಮತ್ತು ನೋಂದಣಿಯ ಕಡತ

ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ ಈಗ ಹರಿಯಾಣದ ಕರ್ನಾಲಿನಲ್ಲಿದೆ. ಆದರೆ 1984ರಲ್ಲಿ ಅದು ಆರಂಭವಾದದ್ದು ಬೆಂಗಳೂರಿನಲ್ಲಿ, ಹೊಸೂರು ರಸ್ತೆಯ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಡೈರಿ ಸಂಶೋಧನಾ ಸಂಸ್ಥೆಯ ದಕ್ಷಿಣ ಕೇಂದ್ರದ ಆವರಣದಲ್ಲಿ. ಜಯನಗರಕ್ಕೂ ಬಿ.ಟಿ.ಎಂ. ಬಡಾವಣೆಗೂ ಕೂಗಳತೆಯ ಜಾಗ. ಮರುವರ್ಷ ಅದು ಉತ್ತರಕ್ಕೆ ಹೋಯಿತು. ದೇಶದ ಜಾನುವಾರು, ಕೋಳಿ ತಳಿಗಳಿಗೆ ನೋಂದಣಿ ಸಂಖ್ಯೆ ಸಿಗುವುದು ಈ ಬ್ಯೂರೋ ಮೂಲಕ.

ಅದರ ಪಟ್ಟಿಯಲ್ಲಿ ಸುಮಾರು 20 ಕೋಳಿ ತಳಿಗಳಿವೆ. ಕರ್ನಾಟಕದ ಹೆಸರಿರುವುದು ಘಾಗಸ್‌ನ ಮುಂದೆ, ಅದೂ ಆಂಧ್ರಪ್ರದೇಶದ ಜೊತೆ ಹಂಚಿಕೊಂಡು. ಕೋಲಾರದ ಕಡೆಯಿಂದ ಚಿತ್ತೂರು, ಅನಂತಪುರದವರೆಗಿನ ಬಯಲುಸೀಮೆಯಲ್ಲಿ ಅಲೆಮಾರಿ ಸಮುದಾಯಗಳು ಸಾಕಿಕೊಂಡು ಬಂದ ಹಕ್ಕಿಯಿದು. ಮೈ ಹೆಚ್ಚಾಗಿ ಕಂದು. ಹುಂಜದ ಎದೆ, ತೊಡೆ, ಬಾಲ ನೀಲಿಮಿಶ್ರಿತ ಕಪ್ಪು, ಕತ್ತಿಗೆ ಹೊಂಬಣ್ಣದ ಗರಿ. ಇಷ್ಟೇ ಆಗಿದ್ದರೆ ಊರೂರಿನ ಹುಂಜವೂ ಘಾಗಸ್ ಎನಿಸಿಕೊಳ್ಳುತ್ತಿತ್ತು. ಗಂಟಲ ಬಳಿ ಸಡಿಲವಾಗಿ ಜೋತುಬಿದ್ದ ಚರ್ಮ, ಪುಟ್ಟ ಜೋಲು, ಸಾಕುವವರ ಬದುಕು, ಓಡಾಟದ ಪ್ರದೇಶ ಇವೆಲ್ಲ ಸೇರಿ ತಳಿ ಎನಿಸುತ್ತದೆ. ಗಂಟೆಗಟ್ಟಲೆ ನಡೆದು ಬಿಡಾರ ಬದಲಿಸುವವರ ಜೊತೆ ಬಾಳಿದ ಈ ಕೋಳಿ ಕಾವಿಗೆ ಕೂರುವುದರಲ್ಲಿ, ಮರಿ ನೋಡಿಕೊಳ್ಳುವುದರಲ್ಲಿ ಗಟ್ಟಿಗಿತ್ತಿ.

ಗಡಿಯಾಚೆ ಉತ್ತರ ಕೇರಳದ ತಲಶ್ಶೇರಿ ಕೋಳಿಯ ವಿಷಯದಲ್ಲಿ ದಾರಿ ಬೇರೆ. ಅಲ್ಲಿ ನೀಲಿ ಹೊಳಪಿನ ಕಪ್ಪೇ ಗುರುತು. ಬಣ್ಣ ಬಿಗಿಯಾಗಿದ್ದರೆ ಗುರುತಿಸುವುದು ಸುಲಭ, ಕಲಬೆರಕೆ ಬೇಗ ಸಿಕ್ಕಿಬೀಳುತ್ತದೆ. ತೊಂದರೆಯೆಂದರೆ ಬೇರೆ ಬಣ್ಣಕ್ಕೆ ಹುಟ್ಟಿದ ಅಸಲಿ ಮರಿಯೂ ಲೆಕ್ಕದಿಂದ ಬೀಳುತ್ತದೆ.

ಕಡಕ್‌ನಾಥ್: ಕಪ್ಪಿನೊಳಗಿನ ಕಪ್ಪು

ಬೆಂಗಳೂರಿನ ಸುತ್ತಿನ ಫಾರಂಗಳಿಗೆ ಕಳೆದ ಒಂದೆರಡು ದಶಕದಲ್ಲಿ ಬಂದ ಕಡಕ್‌ನಾಥ್ ಮಧ್ಯಪ್ರದೇಶದ ಝಾಬುವಾದ ಆದಿವಾಸಿಗಳ ಕೋಳಿ. ಗರಿ ಮಾತ್ರವಲ್ಲ, ಚರ್ಮ, ಮಾಂಸ, ಮೂಳೆಯ ಹೊದಿಕೆ, ಒಳಾಂಗಗಳಲ್ಲೂ ಕಪ್ಪು. 20ನೆಯ ವರ್ಣತಂತುವಿನ ಒಂದು ಭಾಗ ಇಮ್ಮಡಿಯಾಗಿ ತಿರುಚಿಕೊಂಡದ್ದು ಇದಕ್ಕೆ ಕಾರಣ. ಚೀನಾದ ಸಿಲ್ಕಿ, ಇಂಡೊನೇಷ್ಯಾದ ಅಯಮ್ ಚೆಮಾನಿಗಳಲ್ಲೂ ಇದೇ ಬದಲಾವಣೆಯಿದೆ. ಸಿಲ್ಕಿಯ ಗರಿ ಬಿಳಿಯಿದ್ದರೂ ಚರ್ಮ ಕಪ್ಪು. ಗರಿಯ ಬಣ್ಣಕ್ಕೂ ಮಾಂಸದ ಬಣ್ಣಕ್ಕೂ ಬೇರೆ ಬೇರೆ ಜೀನ್ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕಡಕ್‌ನಾಥ್‌ನಲ್ಲೇ ಮೂರು ಬಗೆಯಿದೆ: ಕಡುಗಪ್ಪು, ಗೆರೆಯದು, ಹೊಂಬಣ್ಣದ್ದು. ಪೇಟೆಗೆ ಬೇಕಾದದ್ದು ಮೊದಲನೆಯದು ಮಾತ್ರ. ಕತ್ತಿನಲ್ಲಿ ಹೊಂಬಣ್ಣವಿರುವ ಅಸಲಿ ಹಕ್ಕಿಯನ್ನು ಗಿರಾಕಿ ಮಿಶ್ರವೆಂದು ತಳ್ಳಿ, ಗರಿ ಕಪ್ಪಿರುವ ಮಿಶ್ರತಳಿಯನ್ನು ಅಸಲಿಯೆಂದು ಒಯ್ಯುವುದು ನಡೆಯುತ್ತದೆ. ಬಾಯಿ ತೆರೆಸಿ ನಾಲಗೆ ನೋಡುವುದು, ಗರಿ ಸರಿಸಿ ಚರ್ಮ ನೋಡುವುದು ಅನುಭವಿಗಳ ರೂಢಿ. ಮೊಟ್ಟೆ ಮಾತ್ರ ಕಪ್ಪಲ್ಲ, ತಿಳಿಗಂದು ಕೆನೆಬಣ್ಣ. 2018ರಲ್ಲಿ ಝಾಬುವಾದ ಕಡಕ್‌ನಾಥ್ ಮಾಂಸಕ್ಕೆ ಭೌಗೋಳಿಕ ಸೂಚಕ ದೊರೆಯಿತು. ಛತ್ತೀಸಗಢದ ದಂತೇವಾಡವೂ ಹಕ್ಕು ಕೇಳಿತ್ತು. ಈ ಮಾನ್ಯತೆ ಪ್ರದೇಶಕ್ಕೆ ಕಟ್ಟಿದ್ದು. ರಕ್ತ ಎಷ್ಟೇ ಶುದ್ಧವಿದ್ದರೂ ಕನಕಪುರ ರಸ್ತೆಯ ಫಾರಂನಲ್ಲಿ ಬೆಳೆದದ್ದಕ್ಕೆ ಆ ಸೂಚಕ ಅಂಟಿಸುವಂತಿಲ್ಲ.

ಹೆಬ್ಬಾಳದ ಹಕ್ಕಿಗಳು

ಗಿರಿರಾಜವನ್ನು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳದ ಕುಕ್ಕುಟ ವಿಜ್ಞಾನಿಗಳು 1980ರ ದಶಕದ ಕೊನೆಯಲ್ಲಿ ರೂಪಿಸಿದರು. ಹಿತ್ತಲಲ್ಲಿ ಬದುಕಬೇಕು, ಬೇಗ ತೂಕ ಬರಬೇಕು, ವರ್ಷಕ್ಕೆ 130–150 ಮೊಟ್ಟೆ ಇಡಬೇಕು ಎಂಬುದು ಗುರಿ. ನಾಟಿ ಕೋಳಿ ನೂರು ಮುಟ್ಟುವುದೂ ಕಷ್ಟ. ಬಣ್ಣವನ್ನು ಇಲ್ಲಿ ಬೇಕೆಂದೇ ಉಳಿಸಿಕೊಳ್ಳಲಾಯಿತು. ಬಿಳಿ ಹಕ್ಕಿ ಹದ್ದಿನ ಕಣ್ಣಿಗೆ ಬೇಗ ಬೀಳುತ್ತದೆ, ಹಳ್ಳಿಯ ಸಂತೆಯಲ್ಲಿ ಬೆಲೆಯೂ ಸಿಗುವುದಿಲ್ಲ. 2005ರಲ್ಲಿ ಸ್ವರ್ಣಧಾರಾ ಬಂತು. ಹೆಸರಘಟ್ಟದ ಕೇಂದ್ರೀಯ ಕುಕ್ಕುಟ ಸಂಸ್ಥೆ ಕಾವೇರಿ ಎಂಬ ಹಕ್ಕಿಯನ್ನೂ ಹೈದರಾಬಾದಿನ ಸಂಸ್ಥೆ ವನರಾಜ, ಗ್ರಾಮಪ್ರಿಯಗಳನ್ನೂ ಕೊಟ್ಟವು.

ಇವುಗಳ ಮೇಲಿನ ಟೀಕೆಯೂ ಬಣ್ಣದಿಂದಲೇ ಹೊರಡುತ್ತದೆ. ನಾಟಿಯಂತೆ ಕಾಣುವ, ಆದರೆ ಕಾವಿಗೆ ಕೂರದ ಹಕ್ಕಿ ಊರಿನೊಳಗೆ ಬಂದು ನಾಟಿ ಹ್ಯಾಟೆಗಳೊಡನೆ ಬೆರೆತರೆ ಮುಂದಿನ ಪೀಳಿಗೆಯಲ್ಲಿ ಏನು ಕಳೆದುಹೋಯಿತೆಂದು ಹೊರಗಿನಿಂದ ಗೊತ್ತಾಗುವುದಿಲ್ಲ ಎಂದು ತಳಿ ಸಂರಕ್ಷಕರು ಹೇಳುತ್ತಾರೆ. ಮಂಕರಿಯಡಿ ಹತ್ತು ಮರಿ ಎಬ್ಬಿಸುವ ಗುಣ ಹೋದರೆ ರೈತ ಪ್ರತಿ ಸಲ ಮರಿಗಾಗಿ ಹ್ಯಾಚರಿಯ ಬಾಗಿಲಿಗೇ ಹೋಗಬೇಕು. ವಿಜ್ಞಾನಿಗಳ ಉತ್ತರ ನೇರ: ಇವು ನಾಟಿಯೆಂದು ಯಾರೂ ಹೇಳಿಲ್ಲ, ಬಡ ಕುಟುಂಬದ ತಟ್ಟೆಗೆ ಮೊಟ್ಟೆ ಮಾಂಸ ಸೇರಿಸುವ ಸುಧಾರಿತ ಹಕ್ಕಿಗಳು. 2019ರ ಜಾನುವಾರು ಗಣತಿಯಲ್ಲಿ ದೇಶದ 85 ಕೋಟಿ ಸಾಕುಹಕ್ಕಿಗಳಲ್ಲಿ ಸುಮಾರು 31.7 ಕೋಟಿ ಹಿತ್ತಲಿನವು, ಹಿಂದಿನ ಗಣತಿಗಿಂತ ಶೇ. 46ರಷ್ಟು ಹೆಚ್ಚು. ಈ ಏರಿಕೆಯಲ್ಲಿ ಸುಧಾರಿತ ಹಕ್ಕಿಗಳೂ ಸೇರಿವೆ.

ಮಾಳಿಗೆಯ ಮೇಲಿನ ಹೊಸ ಅಭಿರುಚಿ

ನಗರದಲ್ಲಿ ಅಂದಕ್ಕಾಗಿ ಕೋಳಿ ಸಾಕುವವರು ವಾದಕ್ಕೆ ಇನ್ನೊಂದು ಎಳೆ ಸೇರಿಸಿದ್ದಾರೆ. ಮಾಳಿಗೆಯ ಗೂಡಿಗೆ ಸಿಲ್ಕಿ, ಪೋಲಿಷ್, ಬ್ರಹ್ಮ ಬರುತ್ತವೆ. ಬ್ರಹ್ಮವನ್ನು ಭಾರತದ ತಳಿಯೆಂದು ಮಾರುವವರೂ ನಂಬುವವರೂ ಇದ್ದಾರೆ. ಅದು ಶಾಂಘೈ ಕೋಳಿಗಳಿಂದ ಅಮೆರಿಕದಲ್ಲಿ ರೂಪುಗೊಂಡದ್ದು. 1852ರಲ್ಲಿ ಅಲ್ಲಿನ ಕೋಳಿ ಸಾಕಣೆಗಾರ ಜಾರ್ಜ್ ಬರ್ನ್‌ಹ್ಯಾಮ್ ಒಂಬತ್ತು ಹಕ್ಕಿಗಳನ್ನು ವಿಕ್ಟೋರಿಯಾ ರಾಣಿಗೆ ಕಾಣಿಕೆ ಕಳಿಸಿ ಪ್ರಚಾರ ಗಿಟ್ಟಿಸಿದ್ದ. ಇದಕ್ಕೆ ಅಮೆರಿಕದ ಪುಸ್ತಕದಲ್ಲಿ ತಿಳಿ, ಕಡು, ಹೊಂಬಣ್ಣ ಎಂಬ ಮೂರು ಬಗೆ ಮಾತ್ರ ಮಾನ್ಯ. ಮಾರಾಟಕ್ಕೆ ಬರುವ ಉಳಿದ ಬಣ್ಣಗಳಿಗೆ ಆ ಪುಸ್ತಕದ ಬೆಂಬಲವಿಲ್ಲ, ಅಪರೂಪದವೆಂದು ಬೆಲೆ ಹೆಚ್ಚಿಸಲು ಅಷ್ಟೇ ಸಾಕಾಗುತ್ತದೆ.

ನೋಂದಣಿಯಾಗದ ಉಳಿದವು

ಕರ್ನಾಟಕದ ಬಹುಪಾಲು ನಾಟಿ ಕೋಳಿಗಳು ಸರ್ಕಾರಿ ಭಾಷೆಯಲ್ಲಿ ಯಾವ ತಳಿಗೂ ಸೇರದವು. ಮಲೆನಾಡಿನದು, ಕರಾವಳಿಯದು, ಬಯಲುಸೀಮೆಯದು ಎಂದು ಸಾಕುವವರು ಬೇರೆಬೇರೆಯಾಗಿ ಗುರುತಿಸುವುದಕ್ಕೂ ಕಡತದಲ್ಲಿ ಹೆಸರಿಲ್ಲ. ತಳಿ ನೋಂದಣಿಗೆ ಸರ್ಕಾರಿ ಸಂಸ್ಥೆಯೇ ಅರ್ಜಿ ಹಾಕಬೇಕೆಂದಿಲ್ಲ, ಸಾಕುವ ಸಮುದಾಯಗಳೂ ಹಾಕಬಹುದು. ಮೂಲಪ್ರದೇಶ ಯಾವುದು, ಎಷ್ಟು ಹಕ್ಕಿಗಳಿವೆ, ಗುಣ ಪೀಳಿಗೆಯಿಂದ ಪೀಳಿಗೆಗೆ ಇಳಿಯುತ್ತದೆಯೇ, ಸುತ್ತಲಿನವುಗಳಿಂದ ಹೇಗೆ ಬೇರೆ ಎಂಬುದಕ್ಕೆ ಅಳತೆ ಸಹಿತ ಆಧಾರ ಬೇಕು.

ಅಲ್ಲಿ ಬಣ್ಣದ ಕಲಮು ತುಂಬುವಾಗ ಎರಡು ದಾರಿಗಳಿವೆ. ಒಂದೇ ಬಣ್ಣವನ್ನು ಲಕ್ಷಣವೆಂದು ಗೊತ್ತುಮಾಡಿದರೆ ಪೇಟೆಯಲ್ಲಿ ಗುರುತು ಸಿಗುತ್ತದೆ, ಆದರೆ ಮಿಕ್ಕ ಬಣ್ಣದ ಹ್ಯಾಟೆಗಳು ಸಾರಿನ ಪಾತ್ರೆಗೆ ಹೋಗಿ ತಳಿಯ ಬುಡ ಕಿರಿದಾಗುತ್ತದೆ. ಎಲ್ಲ ಬಣ್ಣವನ್ನೂ ಶೇಕಡಾವಾರು ದಾಖಲಿಸಿ ಜುಟ್ಟು, ಕಾಲು, ಕಾವು, ಮರಿ ಉಳಿಸುವ ಗುಣಗಳನ್ನು ಮುಂದಿಟ್ಟರೆ ವೈವಿಧ್ಯ ಉಳಿಯುತ್ತದೆ, ಆದರೆ ಅಂಗಡಿಯ ಮುಂದೆ ನಿಂತ ಗಿರಾಕಿಗೆ ತೋರಿಸಲು ಒಂದು ಕಣ್ಣಳತೆಯ ಗುರುತಿರುವುದಿಲ್ಲ. ಘಾಗಸ್‌ನ ಕಡತ ಹೆಚ್ಚುಕಡಿಮೆ ಎರಡನೆಯ ದಾರಿಯದು, ತಲಶ್ಶೇರಿಯದು ಮೊದಲನೆಯದು. ಮುಂದೆ ಕರ್ನಾಟಕದ ಯಾವ ನಾಟಿ ಕೋಳಿ ನೋಂದಣಿಗೆ ಬಂದರೂ ಅದನ್ನು ಸಾಕುವವರು ಮೊದಲು ತೀರ್ಮಾನಿಸಬೇಕಾದ ವಿಷಯ ಇದೇ.